ಕಂಕುಳ ಹೊಲಿಗೆ

ಜಗತ್ತಿನ ಗಮನಕ್ಕೆ ಬರಲೇಬೇಕಾದ ಗಂಭೀರ ಸಂಗತಿಯೊಂದಿದೆ, ಈ ಆಸ್ಪತ್ರೆಯ ನಿಲುವಂಗಿಗೆ ತೋಳುಗಳನ್ನು ಅದಲುಬದಲು ಕೂರಿಸಿದ್ದಾರೆ, ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ, ಎಷ್ಟು ಜನ ತೊಟ್ಟು ಬಿಚ್ಚಿ ಹೋಗಿದ್ದಾರೋ, ಒಬ್ಬರೂ ತುಟಿ ಪಿಟಕ್ಕೆಂದಿಲ್ಲ — ತೋಳಿಗೂ ಮುಂದು ಹಿಂದು ಇರುತ್ತದೆ, ಮುಂಭಾಗವನ್ನು ಕೊಂಚ ಆಳಕ್ಕೆ ಕತ್ತರಿಸಬೇಕು, ಹಿಂಭಾಗದಲ್ಲಿ ಬಟ್ಟೆ ಧಾರಾಳ ಬಿಡಬೇಕು, ಯಾಕೆಂದರೆ ಮನುಷ್ಯ ಕೈ ಚಾಚುವುದು ಮುಂದಕ್ಕೆ, ಬೇಡಲಿಕ್ಕೆ, ಕೊಡಲಿಕ್ಕೆ, ಬಾಗಿಲು ತಳ್ಳಲಿಕ್ಕೆ, ಬೆನ್ನ ಹಿಂದೆ ಚಾಚುವವರು ಲಂಚದವರು ಮಾತ್ರ, ಅವರು ಬೇಕಾದರೆ ಬೇರೆ ಹೊಲಿಸಿಕೊಳ್ಳಲಿ, ಎಂದು ನನಗೆ ಕಸುಬು ಕಲಿಸಿದ ಮಾಸ್ತರು ಹೇಳುತ್ತಿದ್ದರು, ಅವರಿದ್ದು ಇದನ್ನು ನೋಡಿದ್ದರೆ ಈ ದರ್ಜಿಯ ಕಿವಿ ಹಿಂಡಲು ಬಸ್ಸು ಹತ್ತುತ್ತಿದ್ದರು — ಬಲಗೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆ, ಅಥವಾ ಹಿಡಿಯುವುದು ಬಟ್ಟೆಯಲ್ಲ, ಅದರೊಳಗಿನ ಇನ್ನೊಂದು ಹೊಲಿಗೆ, ಆಪರೇಷನ್ ಮಾಡಿದ ಕತ್ತರಿ ಡಾಕ್ಟರು ಹಾಕಿದ್ದು, ಅದನ್ನು ಕನ್ನಡಿಯಲ್ಲಿ ನೋಡಿಕೊಂಡಿದ್ದೇನೆ, ಕೈ ಪರವಾಗಿಲ್ಲ, ಟಾಕಿ ಒಂದೇ ಸಮ ಬಿದ್ದಿದೆ, ನಮ್ಮ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಿದ್ದರೆ ಕಾಜಾ ಹೊಲಿಯಲು ಕೂರಿಸುತ್ತಿದ್ದೆ, ಕತ್ತರಿ ಮಾತ್ರ ಕೊಡುತ್ತಿರಲಿಲ್ಲ, ಕತ್ತರಿ ನಾನು ಯಾರಿಗೂ ಕೊಡುವುದಿಲ್ಲ — ಅತ್ತಿಗೆ, ಆ ಗೌನು ಯಾಕೆ ಹಾಗೆ ಎಳೀತಾ ಇದೀರ, ಹರಿದ್ರೆ ಹೊಲಿದುಕೊಡಿ ಅಂತಾರೆ ಅಷ್ಟೆ, ಎಂದು ಪಕ್ಕದಲ್ಲಿ ನಾದಿನಿ, ನನ್ನ ಬಟ್ಟೆಯ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಾಳೆ, ಗಿರಾಕಿಗಳು ಅವಳಿಗೆ ಇಟ್ಟ ಹೆಸರು ಸೂಜಿಬಾಯಿ, ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಮಾತಾಡುವವಳು, ಊಟಕ್ಕೆ ಕೂತಾಗಷ್ಟೇ ಬಾಯಿ ಖಾಲಿ, ಆಗ ಮಾತು ಇನ್ನೂ ಚುಚ್ಚುತ್ತದೆ, ಈಗಲೂ ಖಾಲಿ — ಇನ್ನೇನು ಒಳಗೆ ಕರೀತಾರೆ, ಡಾಕ್ಟರು ಕೇಳ್ತಾರೆ, ಏನು ಹೇಳ್ತೀರ.

ಏನು ಹೇಳುತ್ತೇನೆಂದು ಗೊತ್ತಿದ್ದರೆ ಗೌನು ಎಳೆಯುತ್ತ ಯಾಕೆ ಕೂರುತ್ತಿದ್ದೆ — ಬಲ ಎದೆಯ ಗಡ್ಡೆ ಹೋಯಿತು, ಸುತ್ತಲಿನ ಅಂಚೂ ಶುದ್ಧವಾಗಿದೆ ಎಂದು ವರದಿ ಬಂತು, ಅಂಚು ಎನ್ನುವ ಮಾತು ಕೇಳಿ ನನಗೆ ಪರವೂರಲ್ಲಿ ತವರಿನವರು ಸಿಕ್ಕಿದಷ್ಟು ಸಂತೋಷ, ಆದರೆ ಕಂಕುಳಿನಿಂದ ತೆಗೆದು ನೋಡಿದ ಗಂಟುಗಳಲ್ಲಿ ಒಂದರೊಳಗೆ ಅದು ಹೋಗಿ ಕೂತಿತ್ತು, ವರದಿಯಲ್ಲಿ ದುಗ್ಧಗ್ರಂಥಿ, ಡಾಕ್ಟರ ಬಾಯಲ್ಲಿ ಗಂಟು, ಅಲ್ಲೇ ಸುಮ್ಮನೆ ಕೂತಿದ್ದರೆ ಬೇರೆ ಮಾತು, ಅದು ಗಂಟಿನ ಸಿಪ್ಪೆ ದಾಟಿ ಕೂದಲೆಳೆಯಷ್ಟು ಹೊರಗೆ ಬಂದಿತ್ತು, ಪಕ್ಕದ ಮನೆಯವರು ಕಿಟಕಿಯಿಂದ ಕತ್ತು ಹಾಕುವ ಹಾಗೆ, ಹೊಸ ಡಾಕ್ಟರು, ಕಿರಣದ ವಿಭಾಗದವರು, ನನಗಿಂತ ಚಿಕ್ಕ ಹೆಂಗಸು, ಹಳೆಯ ಸ್ಕ್ಯಾನನ್ನು ಪರದೆಯ ಮೇಲೆ ತೋರಿಸಿದರು, ಬೂದು ಮೋಡದ ನಡುವೆ ಒಂದು ಬಿಳಿ ಚುಕ್ಕೆ, ಇದೇ ಆ ಗಂಟು, ಈಗ ಇಲ್ಲ, ತೆಗೆದಾಗಿದೆ, ಅಂದರು, ನನಗೆ ಕಂಡದ್ದು ಬಿಳಿ ಗಾಜಿನ ತಲೆಯ ಗುಂಡುಸೂಜಿ — ಎದೆಗೆ ಕರೆಂಟು ಕೊಡುವುದು ಖಾಯಂ, ಕರೆಂಟಲ್ಲ ಕಣೇ ಅದು, ಕಿರಣ, ಎಂದು ನಮ್ಮ ಮನೆಯವರು, ಲಿಫ್ಟು ರಿಪೇರಿ ಮಾಡುವವರಿಗೆ ಕರೆಂಟಿನ ಮಾನ ಕಾಯುವ ಹೊಣೆ, ಎಲ್ಲರೂ ಕರೆಂಟು ಅಂತಲೇ ಅನ್ನುತ್ತಾರೆ, ನಾನೂ ಅನ್ನುತ್ತೇನೆ, ಎದೆಯದಕ್ಕೆ ತಕರಾರಿಲ್ಲ, ಪ್ರಶ್ನೆ ಕಂಕುಳದ್ದು, ಅಲ್ಲಿಗೂ ಕೊಡಬೇಕೋ ಬಿಡಬೇಕೋ, ಕೊಟ್ಟರೆ ಒಳಗೆ ರೋಗದ ಇನ್ನೊಂದು ಕಾಳು ಉಳಿದಿದ್ದರೆ ಸುಟ್ಟುಹೋಗುತ್ತದೆ, ಆದರೆ ಕೈ ಊದಬಹುದು, ಭುಜ ಗಟ್ಟಿಯಾಗಬಹುದು, ಎಲ್ಲರಿಗೂ ಅಲ್ಲ, ಕೆಲವರಿಗೆ, ಯಾರಿಗೆ ಅಂತ ಮೊದಲೇ ಹೇಳೋಕಾಗಲ್ಲ, ಬಿಟ್ಟರೆ ಕೈ ಹೆಚ್ಚುಕಮ್ಮಿ ಕ್ಷೇಮ, ಕಾಳು ಉಳಿದಿದ್ದರೆ ಅದೂ ಕ್ಷೇಮ — ಡಾಕ್ಟರುಗಳೆಲ್ಲ ಒಂದು ಮೇಜಿನ ಸುತ್ತ ಕೂತು ನನ್ನ ಕಂಕುಳಿನ ವಿಷಯ ಚರ್ಚೆ ಮಾಡಿದರಂತೆ, ನನ್ನ ಮದುವೆಗೂ ಇಷ್ಟು ಜನ ಕೂತು ಮಾತಾಡಿರಲಿಲ್ಲ, ಕೊನೆಗೆ ಬಂದ ತೀರ್ಪು, ಎರಡೂ ತಪ್ಪಲ್ಲ, ನಾನು ಸೇರಿಸೋ ಕಡೆಗೆ ವಾಲ್ತೀನಿ ಅಮ್ಮ, ಆದ್ರೆ ಕೈ ನಿಮ್ಮದು, ಕಸುಬು ನಿಮ್ಮದು, ಸ್ಕ್ಯಾನಿನ ದಿನ ಹೇಳಿ, ಕೊನೆಗೆ ನಿಮ್ಮಿಷ್ಟ — ಆ ದಿನ ಇವತ್ತು, ನಿಮ್ಮಿಷ್ಟ ಎಂಬ ಮಾತಿನ ಒಳಗುಟ್ಟು ನನಗೆ ಗೊತ್ತಿಲ್ಲವೇ, ಗಿಡ್ಡ ಕುತ್ತಿಗೆಯವರು ಎತ್ತರದ ಕಾಲರು ಬೇಕೆಂದು ಹಟ ಹಿಡಿದಾಗ, ದಪ್ಪ ಹೊಟ್ಟೆಯವರು ಅಡ್ಡಪಟ್ಟಿಯ ಬಟ್ಟೆ ತಂದು ಮೇಜಿನ ಮೇಲೆ ಹರಡಿದಾಗ, ನಾನು ಇಷ್ಟು ವರ್ಷ ಹೇಳಿದ್ದು ಇದೇ, ನಿಮ್ಮಿಷ್ಟ ಮೇಡಂ, ಅದರ ಅರ್ಥ ನಾಳೆ ಕನ್ನಡಿಯ ಮುಂದೆ ನಿಂತು ಅತ್ತರೆ ನನ್ನ ಹತ್ತಿರ ಬರಬೇಡಿ, ಈಗ ಆ ಮಾತು ತಿರುಗಿ ನನ್ನ ಮನೆ ಬಾಗಿಲಿಗೇ ಬಂದಿದೆ, ಎಲ್ಲ ಬಾಯಿಂದ, ಇವರನ್ನು ಕೇಳಿದರೂ ನಿನ್ನಿಷ್ಟ, ಒಮ್ಮೆ ಸಿಟ್ಟು ಬಂದು, ಯಾರದೋ ಲಿಫ್ಟಿಗಾದ್ರೆ ಹಗ್ಗ ಹರಿಯೋ ಮುಂಚೆ ಬದಲಾಯಿಸಿ ಅಂತ ಜಗಳ ಆಡ್ತೀರಲ್ಲ, ಎಂದೆ, ಇವರು ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತ, ಲಿಫ್ಟು ನಿಂತ್ರೆ ಮೆಟ್ಟಿಲು ಇರುತ್ತೆ ಕಣೇ, ಅಂದರು, ಈಗ ಹೊರಗೆ ಲಿಫ್ಟಿನ ಬಾಗಿಲ ಹತ್ತಿರ ನಿಂತಿದ್ದಾರೆ, ಒಳಗೆ ಕೂರಲಾರರು, ಈ ಲಿಫ್ಟು ಮೂರನೇ ಮಹಡಿಯಲ್ಲಿ ಹಲ್ಲು ಕಡಿಯುತ್ತೆ, ಯಾರಿಗಾದ್ರೂ ಹೇಳ್ಬೇಕು, ಎನ್ನುತ್ತಿದ್ದರು, ಅವರಿಗೂ ಒಂದು ಗೌನು ಬೇಕಲ್ಲ ಎಳೆಯಲಿಕ್ಕೆ.

ಎದುರು ಬೆಂಚಿನಲ್ಲಿ ಒಬ್ಬರು ಕೂತಿದ್ದಾರೆ, ಹಳೆಯ ಪೇಷಂಟು, ವರ್ಷಕ್ಕೊಮ್ಮೆ ತೋರಿಸಿಕೊಂಡು ಹೋಗುವವರು, ಬಂದಾಗಿನಿಂದ ನಾನು ಅವರನ್ನು ನೋಡುತ್ತಿಲ್ಲ, ಅಂದರೆ ಬೇರೇನನ್ನೂ ನೋಡುತ್ತಿಲ್ಲ, ಅವರ ಎಡಗೈ ಅವರದು, ಬಲಗೈ ಇನ್ಯಾರೋ ದಪ್ಪಗಿನವರದು, ಮಣಿಕಟ್ಟಿನಿಂದ ಹೆಗಲ ತನಕ ಮೈಬಣ್ಣದ ಬಿಗಿ ತೋಳುಚೀಲ, ಕಾಲುಚೀಲದ ಜಾತಿಯದು, ಹೊಲಿಗೆ ಒಂದೇ ಕಡೆ, ಚೆನ್ನಾಗಿ ಕೂತಿದೆ, ಆದರೆ ರವಿಕೆಯ ಬಲತೋಳನ್ನು ಬಿಚ್ಚಿ ನಡುವೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಅಗಲ ಮಾಡಿದ್ದಾರೆ, ಬಣ್ಣ ಹೊಂದಿಸಿಲ್ಲ, ಯಾರು ಹೊಲಿದದ್ದು ಅಂತ ಕೇಳಬೇಕೆನಿಸಿತು, ಕೇಳಿಯೇಬಿಟ್ಟೆ, ಸೂಜಿಬಾಯಿ ನನ್ನ ಪಕ್ಕೆಗೆ ತಿವಿದಳು, ಎಡ ಪಕ್ಕೆ, ಅಷ್ಟು ಜ್ಞಾನ ಅವಳಿಗಿದೆ — ಆಕೆಗೆ ಬೇಸರವಾಗಲಿಲ್ಲ, ನಮ್ಮ ಓಣಿಯವನೊಬ್ಬ ಹೊಲಿದದ್ದು, ಎರಡು ತೋಳಿಗೆ ಎರಡು ಅಳತೆ ತಗೋ ಮಾರಾಯ ಅಂದ್ರೆ ದುಡ್ಡೂ ಎರಡು ಸಲ ಕೇಳಿದ, ಎಂದು ನಕ್ಕರು, ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆಯುತ್ತಿದ್ದವರಂತೆ, ಅವರ ಕಾಲದಲ್ಲಿ ಒಂದು ಗಂಟು ಕೆಟ್ಟಿದ್ದರೆ ಇಡೀ ಕಂಕುಳನ್ನೇ ಬಗೆದು ತೆಗೆದು, ಮೇಲೆ ಕರೆಂಟೂ ಕೊಟ್ಟಿದ್ದರಂತೆ, ಬಲಗೈ ಊದಿದ ಮೇಲೆ ಎಡಗೈಯಲ್ಲಿ ಹೊಡೆದರಂತೆ, ಠಸ್ಸೆಗೇನು ಗೊತ್ತಾಗುತ್ತೆ ಯಾವ ಕೈ ಅಂತ — ಠಸ್ಸೆಗೆ ಗೊತ್ತಾಗುವುದಿಲ್ಲ, ಕತ್ತರಿಗೆ ಗೊತ್ತಾಗುತ್ತದೆ, ನನ್ನ ಕತ್ತರಿ ಬಲಗೈಯದು, ಅದರ ಅಲಗು, ಹಿಡಿ, ಹೆಬ್ಬೆರಳ ತೂತು ಎಲ್ಲ ಬಲಗೈಗೇ ಮಾಡಿದ್ದು, ಎಡಗೈಗೆ ಕೊಟ್ಟರೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ, ಮಾಸ್ತರು ಕೊಟ್ಟುಹೋದದ್ದು, ನಾಲ್ಕು ಪದರ ದಪ್ಪ ಬಟ್ಟೆ ಹಾಸಿ ಒಂದೇ ಉಸಿರಿಗೆ ತೋಳಿನ ದುಂಡು ಅಂಚನ್ನು ತಿರುಗಿಸಿ ಕತ್ತರಿಸುವಾಗ ಭುಜದಿಂದ ಬರಬೇಕು ಆ ಬಲ, ಬೆರಳಿನಿಂದಲ್ಲ, ನಮ್ಮ ಅಂಗಡಿ ನಿಂತಿರುವುದೇ ಆ ಒಂದು ತಿರುವಿನ ಮೇಲೆ, ಸೂಜಿಬಾಯಿ ಹೊಲಿಗೆಯಲ್ಲಿ ಗಟ್ಟಿ, ಕತ್ತರಿ ಕೊಟ್ಟರೆ ಎಂಥ ಬಟ್ಟೆಯೂ ನಕಾಶೆಯ ನದಿಯ ಹಾಗೆ ಆಗುತ್ತದೆ, ಕೈ ಊದಿದ್ರೆ ಊದ್ಲಿ ಅತ್ತಿಗೆ, ನಾನು ಕತ್ತರಿಸ್ತೀನಿ, ಎಂದಳು ಮೊನ್ನೆ, ಅದು ಸಮಾಧಾನವೋ ಬೆದರಿಕೆಯೋ ಇನ್ನೂ ಗೊತ್ತಾಗಿಲ್ಲ — ಎಲ್ಲರಿಗೂ ಹೀಗಾಗಲ್ಲ, ಎಂದು ಅಂಚೆಯವರು, ನನ್ನ ಕಣ್ಣು ಹೋದಲ್ಲಿಗೆ ತಮ್ಮ ಕಣ್ಣನ್ನೂ ಕಳಿಸಿ, ಈಗ ಅಷ್ಟೆಲ್ಲ ಕೊಯ್ಯಲ್ಲ, ನಮ್ಮನ್ನ ಯಾರೂ ಕೇಳ್ಲಿಲ್ಲ, ಒಳ್ಳೇದೇ ಆಯ್ತು, ಕೇಳಿದ್ರೆ ನಾನೂ ನಿಮ್ ಹಾಗೆ ಗೌನು ಜಗ್ಗಾಡ್ತಾ ಕೂತಿರ್ತಿದ್ದೆ — ಅಂಚೆಯವರಿಗೆ ಒಂದು ರವಿಕೆ ಹೊಲಿದುಕೊಡಬೇಕು, ಬಣ್ಣ ಹೊಂದಿಸಿ, ಪಟ್ಟಿ ಕಾಣದ ಹಾಗೆ ಕಂಕುಳ ಕೆಳಗೆ ಇಳಿಸಿ, ಆದರೆ ಯಾವ ಕೈಯಲ್ಲಿ.

ಕಂಕುಳು, ಬಟ್ಟೆಯಲ್ಲೂ ಅದೇ ಕೆಟ್ಟ ಜಾಗ, ಮುಂಭಾಗ ಹಿಂಭಾಗ ತೋಳು ಪಕ್ಕೆ ಎಲ್ಲದರ ಹೊಲಿಗೆಗಳೂ ಬಂದು ಕೂಡುವುದು ಅಲ್ಲಿ, ಬೆವರು ಅಲ್ಲಿ, ಎಳೆತ ಅಲ್ಲಿ, ಕಣ್ಣಿಗೆ ಬೀಳದೆ ಏನಾದರೂ ಉಳಿದುಕೊಳ್ಳುವುದೂ ಅಲ್ಲೇ — ಹಿಂದೊಮ್ಮೆ ಗಿರಾಕಿ ಹಾಡುಗಾರ್ತಿಯೊಬ್ಬಳ ಉಡುಪಿನಲ್ಲಿ ಆದ ಹಾಗೆ, ಕಡುನೀಲಿ ರೇಷ್ಮೆ, ಆಕೆಯ ತಾಯಿಯ ಕಾಲದ್ದು, ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟಿದ್ದೆವು, ವೇದಿಕೆಯ ಮೇಲೆ ಮೇಲಿನ ಸ್ವರಕ್ಕೆ ಬಲಗೈ ಎತ್ತಿದ್ದಾಳೆ, ಚುಚ್ಚಿತು, ಹಾಡು ನಿಲ್ಲಿಸಲಿಲ್ಲ, ಜನ ಆ ಸ್ವರದ ನೋವನ್ನು ಮೆಚ್ಚಿ ಚಪ್ಪಾಳೆ ಹೊಡೆದರಂತೆ, ಮರುದಿನ ಉಡುಪನ್ನು ತಂದು ನಮ್ಮ ಮೇಜಿನ ಮೇಲೆ ಹಾಕಿ, ಏನ್ರೀ ಇದು, ಅಂದಳು, ಅಷ್ಟೇ, ಕಂಕುಳ ಹೊಲಿಗೆಯ ಹಿಂದೆ, ಲೈನಿಂಗಿಗೂ ರೇಷ್ಮೆಗೂ ನಡುವೆ, ಒಂದು ಗುಂಡುಸೂಜಿ, ಬಿಳಿ ಗಾಜಿನ ತಲೆ, ಹೊಲಿಗೆ ಮುಗಿದ ಮೇಲೆ ಸೂಜಿಗಳನ್ನೆಲ್ಲ ಕಿತ್ತು ಮೆತ್ತೆಗೆ ಚುಚ್ಚಬೇಕು, ಬಾಯಲ್ಲಿ ಇಟ್ಟುಕೊಳ್ಳುವವರಿಗೆ ಎಷ್ಟು ಹೋಯಿತು ಎಷ್ಟು ಬಂತು ಹೇಗೆ ತಿಳಿಯಬೇಕು, ಸೂಜಿಬಾಯಿಯ ಮುಖ ಅವತ್ತು ಸುಣ್ಣ, ಒಂದೇ ಅತ್ತಿಗೆ, ಒಂದೇ ಬಿಟ್ಟಿದ್ದು, ಸಿಕ್ತಲ್ಲ, ಕೊಟ್ಟುಬಿಡೋಣ, ಎಂದು ನನ್ನ ಕಿವಿಯಲ್ಲಿ, ಆದರೆ ಒಂದು ಸಿಕ್ಕಿತು ಅಂದರೆ ಒಂದೇ ಇತ್ತು ಅಂತಲ್ಲ, ಒಂದಕ್ಕೆ ಬರುವ ದಾರಿ ಇತ್ತು ಅಂತ, ಇಡೀ ಹೊಲಿಗೆ ಬಿಚ್ಚಿ ನೋಡಬಹುದಿತ್ತು, ಹಳೆಯ ರೇಷ್ಮೆ, ಬಿಚ್ಚಿದರೆ ತೂತು ತೂತಾಗಿ ಇನ್ನೊಂದು ಹೊಲಿಗೆ ತಡೆಯುತ್ತಿರಲಿಲ್ಲ, ಬಿಚ್ಚದೆ ಇರಲೂ ಆಗದು, ಆಗ ನೆಲದ ಮೇಲಿನ ಸೂಜಿ ಆರಿಸುವ ಲಾಳದ ಆಕಾರದ ಅಯಸ್ಕಾಂತವನ್ನು ತಂದು, ಬಟ್ಟೆಯ ಮೇಲಿಂದ ಮೇಲೆ, ನಿಧಾನ, ಕಂಕುಳಿನ ಸುತ್ತ ಸುತ್ತಿಸಿದೆ, ಟಿಕ್ ಎನ್ನುತ್ತದೆಯೋ ಎಂದು ಮೂವರೂ ಉಸಿರು ಹಿಡಿದು, ಬೀದಿಯ ಸದ್ದು, ಮಿಷನ್ನಿನ ಎಣ್ಣೆಯ ವಾಸನೆ, ಟಿಕ್ ಎನ್ನಲಿಲ್ಲ — ಹಾಗಾದ್ರೆ ಇಲ್ಲ ಅಲ್ವಾ, ಎಂದಳು ಹಾಡುಗಾರ್ತಿ, ನನ್ನ ಬಾಯಿಂದ ಹೌದು ಬರಲಿಲ್ಲ, ಯಾಕೆಂದರೆ ನಮ್ಮ ಡಬ್ಬಿಯಲ್ಲಿ ಉಕ್ಕಿನವೂ ಹಿತ್ತಾಳೆಯವೂ ಬೆರೆತಿದ್ದವು, ಹಿತ್ತಾಳೆ ಅಯಸ್ಕಾಂತಕ್ಕೆ ಸೊಪ್ಪು ಹಾಕುವುದಿಲ್ಲ, ಇದ್ದರೂ ಇದ್ದೇನೆ ಎನ್ನುವುದಿಲ್ಲ, ನೋಡಬೇಕಾದದ್ದೆಲ್ಲ ನೋಡಿದ್ದೀವಿ ಅಂದೆ, ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಉಡುಪನ್ನು ಮಡಚಿಕೊಂಡು ಹೋದಳು, ಮತ್ತೆ ಬರಲಿಲ್ಲ, ದೂರೂ ಬರಲಿಲ್ಲ, ನಮ್ಮ ಕಸುಬಿನಲ್ಲಿ ದೂರು ಬಾರದಿರುವುದನ್ನೇ ಸರಿಹೋಯಿತು ಎನ್ನುತ್ತೇವೆ, ಡಾಕ್ಟರುಗಳ ಕಸುಬಿನಲ್ಲೂ ಹಾಗೇ ಇರಬೇಕು, ಐದು ವರ್ಷ ನೋಡೋಣ ಅಮ್ಮ, ಎಂದಿದ್ದರು ಡಾಕ್ಟರು, ಗುಣವಾಗುತ್ತೆ ಅನ್ನಲಿಲ್ಲ — ಆಕೆ ಇನ್ನೂ ಹಾಡುತ್ತಿರಬಹುದು, ಕೈ ಎತ್ತುವಾಗೆಲ್ಲ ಒಂದಿಷ್ಟು ತಡೆಯುತ್ತಿರಬಹುದು, ಲೈನಿಂಗಿನ ಕತ್ತಲಲ್ಲಿ ಬಿಳಿ ತಲೆ.

ಕರೆದರು, ಸೂಜಿಬಾಯಿ ಎದ್ದು ನನ್ನ ಗೌನಿನ ದಾರವನ್ನು ಬಿಗಿ ಮಾಡಿದಳು, ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲ ತನಕ ಬಂದಳು — ಒಳಗೆ ಚಳಿ, ದೊಡ್ಡ ಬಳೆಯಂಥ ಯಂತ್ರ, ಅದರ ಮುಂದೆ ಕತ್ತರಿಸುವ ಮೇಜಿನಷ್ಟೇ ಗಟ್ಟಿಯಾದ ಮೇಜು, ಮಲಗಿ, ಬಲಗೈ ತಲೆ ಮೇಲಕ್ಕೆ, ಈ ಗುಳಿಯೊಳಗೆ ಇಡಿ, ಎಂದು ಯಂತ್ರ ನೋಡಿಕೊಳ್ಳುವ ಹೆಂಗಸು, ಬೆರಳು ಮಂಜುಗಡ್ಡೆ, ಕೈ ಎತ್ತಿದರೆ ಹೊಲಿಗೆ ಎಳೆಯಿತು, ಎಳೆಯಲಿ, ಇಷ್ಟು ವರ್ಷ ಬೇರೆಯವರಿಗೆ ಕೈ ಎತ್ತಿ, ಉಸಿರು ಬಿಡಿ, ಅಲುಗಾಡಬೇಡಿ ಎಂದು ಹೇಳಿದವಳು ನಾನು, ಈಗ ನನ್ನ ಸರದಿ — ಗೌನು ಬಿಚ್ಚಿ ಪಕ್ಕಕ್ಕೆ ಸರಿಸುವಾಗ ಹೊಳೆಯಿತು, ಇದು ಬೆನ್ನಿನ ಕಡೆ ಕಟ್ಟುವ ಗೌನು, ಇಲ್ಲಿ ಎದೆ ಬೇಕಾದ್ದರಿಂದ ಹಿಂದುಮುಂದಾಗಿ ತೊಡಿಸುತ್ತಾರೆ, ತೆರೆದ ಕಡೆ ಮುಂದೆ ಬರಲಿ ಎಂದು ನರ್ಸು ಹೇಳಿದ್ದರಲ್ಲ, ತೋಳು ಸರಿಯಾಗಿಯೇ ಇದೆ, ತಿರುಗಿರುವವಳು ನಾನು, ಆ ದರ್ಜಿ ಯಾರೋ, ಎಲ್ಲಿದ್ದಾನೋ, ನಿನ್ನ ಕಿವಿ ನಿನಗೇ ಇರಲಪ್ಪ — ಗೋಡೆಯಿಂದ ಕೆಂಪು ಬೆಳಕಿನ ಗೆರೆ ಮೈಮೇಲೆ ಬಿತ್ತು, ನೂಲು ಹಿಡಿದ ಹಾಗೆ ನೇರ, ಡಾಕ್ಟರು ಪೆನ್ನು ಹಿಡಿದು ಬಂದರು, ಏನು ಯೋಚನೆ ಮಾಡಿದ್ರಿ ಅಮ್ಮ, ನಾನು ಮಾಡಿದ ಯೋಚನೆಯೆಲ್ಲ ತೋಳಿನದು, ಅಂಚೆಯದು, ಲಿಫ್ಟಿನದು, ಬಾಯಿ ತೆರೆದೆ, ಬಾಯ ತುಂಬ ಸೂಜಿ ಇಟ್ಟುಕೊಂಡ ಹಾಗೆ ಏನೂ ಬರಲಿಲ್ಲ, ಸರಿ, ಕಿರಣ ಬೀಳೋ ಜಾಗಕ್ಕೆ ಗೆರೆ, ಎದೆಯದು ಮೊದಲು ಎಳೀತೀನಿ, ಅದು ಹೇಗೂ ಇರೋದೇ, ಎಂದರು, ಪೆನ್ನು ತಣ್ಣಗೆ ಎದೆಯ ಕೆಳಗಿನಿಂದ ಹೊರಟಿತು, ನೋಡಲಾಗುತ್ತಿಲ್ಲ, ಸೂರು ನೋಡುತ್ತಿದ್ದೇನೆ, ಆದರೆ ಗೆರೆ ಎಲ್ಲಿ ಹೋಗುತ್ತಿದೆ ಎಂದು ಚರ್ಮಕ್ಕೆ ತಿಳಿಯುತ್ತದೆ, ಪಕ್ಕೆಗೆ ಬಂತು, ಮೇಲೆ ಹತ್ತಿತು, ಈಗ ಕಂಕುಳಿಗೆ ಬರುತ್ತದೆ, ಬರುತ್ತದೆ, ಬರಲಿಲ್ಲ, ಮೊದಲೇ ತಿರುಗಿ ಎದೆಯ ಮೇಲಕ್ಕೆ ಹೋಯಿತು, ಹೊಲಿಗೆಯನ್ನು ಆಚೆಗೆ ಬಿಟ್ಟು, ಗಂಟು ಇದ್ದ ಜಾಗವನ್ನು ಆಚೆಗೆ ಬಿಟ್ಟು, ಹೀಗೆ ಎಳೆದ ಗೆರೆಯ ಮೇಲೆ ಕತ್ತರಿ ಇಟ್ಟರೆ — ನನಗೆ ಗೊತ್ತಾಗುವುದರೊಳಗೆ ನನ್ನ ಎಡಗೈ ಎದ್ದಿತ್ತು, ಎಡ ಹೆಬ್ಬೆರಳು, ಬಲಗೈಯಲ್ಲಿ ಕತ್ತರಿ ಹಿಡಿದವರು ತಪ್ಪು ಗೆರೆಯನ್ನು ಒರೆಸುವುದು ಯಾವಾಗಲೂ ಆ ಬೆರಳಲ್ಲೇ, ಒರೆಸಿಬಿಟ್ಟೆ, ಅಯ್ಯೋ ಅಲುಗಾಡ್ಬೇಡಿ ಅಂದ್ನಲ್ಲ, ಎಂದು ಮಂಜುಗಡ್ಡೆಯ ಬೆರಳಿನಾಕೆ, ಶಾಯಿ ಹೋಗಲಿಲ್ಲ, ಹರಡಿತು, ಹೆಬ್ಬೆರಳು ನೇರಳೆ.

ಇದು ಸೀಮೆಸುಣ್ಣ ಅಲ್ಲಮ್ಮ, ಎಂದರು ಡಾಕ್ಟರು, ಸಿಟ್ಟಿಲ್ಲ, ಅಂಚು ಕಮ್ಮಿ ಬಿಟ್ಟಿದ್ದೀರಿ, ಎಂದೆ ನಾನು, ಹೇಳಿದ ಮೇಲೆ ನಾಚಿಕೆಯಾಯಿತು, ಯಾರಿಗೆ ಏನು ಹೇಳುತ್ತಿದ್ದೇನೆ, ಅದಕ್ಕೆ ಡಾಕ್ಟರು, ನನ್ನ ಗೆರೆ ಸರಿಯಾಗೇ ಇದೆ, ಬರೀ ಎದೆಗೆ ಅಂತ ಎಳೆದದ್ದು, ಅಷ್ಟೇ ಸಾಕು, ಕಂಕುಳೂ ಸೇರ್ಬೇಕು ಅಂದ್ರೆ ಅದು ಬೇರೆ ಲೆಕ್ಕ, ಬಾಯಲ್ಲಿ ಹೇಳಿ, ಹೆಬ್ಬೆರಳಲ್ಲಿ ಹೇಳಿದ್ದನ್ನ ನಾನು ಬರ್ಕೊಳ್ಳೋಕಾಗಲ್ಲ, ಎಂದು ಪೆನ್ನು ಎತ್ತಿ ಹಿಡಿದು ನಿಂತರು, ಕಾಯುತ್ತಾರೆ, ನಾನು ಗಿರಾಕಿಯ ಮುಂದೆ ಹೀಗೇ ನಿಂತಿರುತ್ತೇನೆ, ಕತ್ತರಿ ತೆರೆದು, ಒಮ್ಮೆ ಇಟ್ಟ ಮೇಲೆ ತಿರುಗಿ ಬರುವ ಮಾತಿಲ್ಲ — ಕೈ ಊದಿದರೆ, ಕೇಳಿದೆ, ಊದೋ ಮುಂಚಿಂದಲೇ ಅಳತೆ ತಗೊಂಡು ನೋಡ್ತಾ ಇರ್ತೀವಿ, ವ್ಯಾಯಾಮ ಹೇಳಿಕೊಡ್ತೀವಿ, ಊದೋದೇ ಇಲ್ಲ ಅಂತ ಮಾತು ಕೊಡಲ್ಲ, ಎಂದರು, ಹಾಡುಗಾರ್ತಿಗೆ ನೋಡಬೇಕಾದದ್ದೆಲ್ಲ ನೋಡಿದ್ದೀವಿ ಎಂದ ನನ್ನದೇ ದನಿ ಇವರ ಬಾಯಲ್ಲಿ, ನಂಬಬಹುದಾದ ದನಿ, ಹೊರಗೆ ಲಿಫ್ಟು ಮೂರನೇ ಮಹಡಿಯಲ್ಲಿ ಹಲ್ಲು ಕಡಿಯಿತು, ತಲೆಯ ಮೇಲೆ ಬಲಗೈಯ ಬೆರಳುಗಳು ಗಾಳಿಯಲ್ಲೇ ಕತ್ತರಿಯ ಹಿಡಿ ಹುಡುಕುತ್ತಿವೆ, ತೆರೆದು, ಮುಚ್ಚಿ, ತೆರೆದು, ಆ ನೀಲಿ ಉಡುಪು ನನ್ನದಾಗಿದ್ದರೆ ನಾನು ಅದನ್ನು ತೊಟ್ಟು ಕೈ ಎತ್ತುತ್ತಿದ್ದೆನೇ, ಅಯಸ್ಕಾಂತವನ್ನು ಒಮ್ಮೆಯೂ ಆಡಿಸದೆ, ಆಡಿಸಿದರೂ ಹಿತ್ತಾಳೆಯದು ಉಳಿಯುತ್ತದೆ, ಆಡಿಸದಿದ್ದರೆ ಉಕ್ಕಿನದೂ ಉಳಿಯುತ್ತದೆ, ಲೈನಿಂಗಿಗೂ ರೇಷ್ಮೆಗೂ ನಡುವೆ, ಕತ್ತಲಲ್ಲಿ, ಬೂದು ಮೋಡದಲ್ಲಿ, ಬಿಳಿ ತಲೆ — ಸೇರಿಸಿ, ಎಂದೆ, ನನ್ನ ಕಿವಿಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ, ಸೇರಿಸಿ, ಪೆನ್ನು ಇಳಿಯಿತು, ತಣ್ಣಗೆ, ಪಕ್ಕೆಯಿಂದ ಮೇಲಕ್ಕೆ, ಹೊಲಿಗೆಯ ಮೇಲೆ ಹಾದು, ಬಿಳಿ ತಲೆ, ಟಿಕ್ ಎನ್ನುತ್ತದೆಯೋ, ಬಿಳಿ ಗಾಜಿನ ತಲೆ, ಬಿಳಿ

ಗೆರೆ ಕಂಕುಳನ್ನು ಬಳಸಿ ಕಾಲರು ಕೂರುವ ಮೂಳೆಯ ತನಕ ಹೋಯಿತು. ಕಂಕುಳನ್ನೂ ಸೇರಿಸಿದರು.